ತಂಗಿ ಪರ್ಮನೆಂಟ್ ಫಿಲ್ಲರ್ ಚುಚ್ಚಿಸಿಕೊಳ್ಳಲು ಹೊರಟಿದ್ದಾಳೆ, ಹೇಗೆ ತಡೆಯಲಿ?

ಡೊಂಬಿವಲಿ ಅಕ್ಕ:
ನಮ್ಮದು ಕುಂದಾಪುರ ಕಡೆ, ಈಗ ಡೊಂಬಿವಲಿಯಲ್ಲಿದ್ದೇವೆ. ತಂಗಿಗೆ 26 ವರ್ಷ. ತೆಳ್ಳಗಿದ್ದಾಳೆ, ಹಿಂಭಾಗ ತುಂಬಿಕೊಂಡು ಕಾಣಬೇಕು ಅಂತ ಆಸೆ. ಠಾಣೆಯಲ್ಲಿ ಒಬ್ಬರು ಪಾರ್ಲರ್‌ನ ಒಳಕೋಣೆಯಲ್ಲಿ ಇಂಜೆಕ್ಷನ್ ಕೊಡುತ್ತಾರಂತೆ. ಆಪರೇಷನ್ ಇಲ್ಲ, ಒಂದು ಗಂಟೆ ಸಾಕು, ಸಂಜೆ ಲೋಕಲ್ ಹಿಡಿದು ಮನೆಗೆ ಹೋಗಬಹುದು, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಇರುತ್ತದೆ ಅಂದಿದ್ದಾರೆ. ಔಷಧಿ ಹೆಸರು ಕೇಳಿದರೆ 'ಮೆಡಿಕಲ್ ಸಿಲಿಕೋನ್' ಅನ್ನುತ್ತಾರೆ, ಅಷ್ಟೇ. ಇವಳು ಅಡ್ವಾನ್ಸ್ ಕೊಟ್ಟು ಬಂದಿದ್ದಾಳೆ. ಬೇಡ ಅಂದರೆ, ಆಪರೇಷನ್ ಮಾಡಿ ಒಳಗಿಡುವ ಇಂಪ್ಲಾಂಟ್‌ನಲ್ಲಿ ಇರುವುದೂ ಸಿಲಿಕೋನೇ ಅಲ್ವಾ ಅಂತ ನನಗೇ ತಿರುಗಿ ಕೇಳುತ್ತಾಳೆ. ಏನು ಉತ್ತರ ಕೊಡಲಿ?

ಕೊಥ್ರೂಡ್ ಸಿಸ್ಟರ್:
ಅಕ್ಕಾ, ಮೊದಲು ಆ ಅಪಾಯಿಂಟ್‌ಮೆಂಟ್ ನಿಲ್ಲಿಸಿ. ನಾನು ಪುಣೆಯಲ್ಲಿ ಸರ್ಜಿಕಲ್ ವಾರ್ಡ್‌ನಲ್ಲಿ ನರ್ಸ್ ಆಗಿದ್ದವಳು. ಎದೆಗೆ ಇಡುವ ಇಂಪ್ಲಾಂಟ್‌ನಲ್ಲಿ ಸಿಲಿಕೋನ್ ಒಂದು ಚೀಲದೊಳಗೆ ಇರುತ್ತದೆ, ಬೇಡವಾದರೆ ಚೀಲ ಸಮೇತ ತೆಗೆಯಬಹುದು. ಇಂಜೆಕ್ಷನ್‌ನಲ್ಲಿ ಚೀಲವೇ ಇಲ್ಲ. ದ್ರವ ನೇರವಾಗಿ ಮಾಂಸಕ್ಕೆ ಸೇರುತ್ತದೆ. ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿ ನಾದಿದ ಮೇಲೆ ಎಣ್ಣೆ ಮಾತ್ರ ವಾಪಸ್ ತೆಗೆಯುವುದಕ್ಕೆ ಆಗುತ್ತಾ? ಸರ್ಜನ್ ಮಾಂಸವನ್ನೇ ಕತ್ತರಿಸಿ ತೆಗೆಯಬೇಕು, ಆಗಲೂ ಪೂರ್ತಿ ಬರುವುದಿಲ್ಲ.

ಸೂಜಿ ರಕ್ತನಾಳಕ್ಕೆ ಹೋದರೆ ಆ ದ್ರವ ಶ್ವಾಸಕೋಶಕ್ಕೋ ಮೆದುಳಿಗೋ ತಲುಪಿ ಸ್ಟ್ರೋಕ್ ಆಗಬಹುದು, ಜೀವವೇ ಹೋಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ದೇಹದ ಆಕಾರ ಬದಲಿಸುವುದಕ್ಕೆ ಸಿಲಿಕೋನ್ ಇಂಜೆಕ್ಷನ್‌ಗೆ ಅವರು ಅನುಮತಿ ಕೊಟ್ಟಿಲ್ಲ. ಕಣ್ಣಿನೊಳಗಿನ ಒಂದು ಚಿಕಿತ್ಸೆಗೆ ಮಾತ್ರ ಕೊಟ್ಟಿದ್ದಾರೆ.

ಮಡಗಾಂವ್‌ನಿಂದ:
ನಾನು ಹಾಕಿಸಿಕೊಂಡವಳು, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಿ ಅಂತ ಬೇಡ. ಮೂರು ವರ್ಷ ಏನೂ ಆಗಲಿಲ್ಲ, ಗೆಳತಿಯರಿಗೂ ಹೇಳಿಬಿಟ್ಟಿದ್ದೆ, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಆಮೇಲೆ ಒಂದು ಮಳೆಗಾಲದಲ್ಲಿ ಜ್ವರ ಬಂತು, ಗಂಟು ಕಟ್ಟಿತು, ಚರ್ಮ ಕೆಂಪಾಗಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಎಂಆರ್‌ಐ ಮಾಡಿಸಿದರೆ ಅದು ತೊಡೆಯವರೆಗೂ ಇಳಿದಿತ್ತು. ಎರಡು ಸಲ ಆಪರೇಷನ್ ಆಯಿತು. ಸ್ಕೂಟರ್ ಮೇಲೆ ಹತ್ತು ನಿಮಿಷ ಕೂರಲು ಆಗುವುದಿಲ್ಲ. ನಿಮ್ಮ ತಂಗಿಗೆ ಇದನ್ನು ಓದಿಸಿ, ಅಕ್ಕ.

ಡೊಂಬಿವಲಿ ಅಕ್ಕ:
ಓದಿಸಿದೆ. ಅತ್ತಳು. ಆದರೆ ಸಿಲಿಕೋನ್ ಬೇಡ ಅಂದರೆ ಪಿಎಂಎಂಎ ಹಾಕುತ್ತೇವೆ, ಅದು ಸೇಫ್ ಅಂತ ಪಾರ್ಲರ್‌ನವರು ಈಗ ಹೇಳುತ್ತಿದ್ದಾರಂತೆ.

ಮಾಟುಂಗಾ ಡಾಕ್ಟರ್:
ಪಿಎಂಎಂಎ ಅಂದರೆ ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿಗಳು. ಅದೂ ಕರಗುವುದಿಲ್ಲ. ಅಮೆರಿಕದಲ್ಲಿ ಅಂಥ ಒಂದು ಫಿಲ್ಲರ್‌ಗೆ ಅನುಮತಿ ಇದೆ, ಆದರೆ ಮುಖದ ಗೆರೆಗೆ, ಮೊಡವೆ ಕಲೆಗೆ, ಅದೂ ಸ್ವಲ್ಪವೇ. ಬ್ರೆಜಿಲ್‌ನಲ್ಲಿ ಹಿಂಭಾಗಕ್ಕೆ ಜಾಸ್ತಿ ತುಂಬಿಸಿಕೊಂಡ ಕೆಲವರಿಗೆ ವರ್ಷಗಳ ನಂತರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗಿದೆ. ಪಾಲಿಅಕ್ರಿಲಮೈಡ್ ಜೆಲ್ ಅಂತ ಇನ್ನೊಂದಿದೆ. ಚೀನಾದಲ್ಲಿ ಅದನ್ನು ಎಷ್ಟೋ ಹೆಂಗಸರ ಎದೆಗೆ ಚುಚ್ಚಿದ್ದರು, 2006ರಲ್ಲಿ ಸರ್ಕಾರವೇ ನಿಷೇಧಿಸಿತು.

ಹಯಲುರಾನಿಕ್ ಆಸಿಡ್ ಅನ್ನುವ ತಾತ್ಕಾಲಿಕ ಫಿಲ್ಲರ್ ತಪ್ಪಾದರೆ ಕರಗಿಸುವ ಇಂಜೆಕ್ಷನ್ ಇದೆ. ಪರ್ಮನೆಂಟ್ ಫಿಲ್ಲರ್‌ಗೆ ಅದು ಇಲ್ಲ. ಜೀವನಪೂರ್ತಿ ಇರುತ್ತದೆ ಅನ್ನುವುದನ್ನು ಅವರು ಲಾಭ ಅಂತ ಮಾರುತ್ತಾರೆ, ನನಗೆ ಭಯ ಆಗುವುದೇ ಅದಕ್ಕೆ. ಅಷ್ಟೊಂದು ಆಸೆ ಇದ್ದರೆ ಸಯನ್ ಅಥವಾ ಕೆಇಎಂ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ಒಪಿಡಿಯಲ್ಲಿ ಒಮ್ಮೆ ಮಾತಾಡಲಿ. ಸ್ವಂತ ಕೊಬ್ಬು ತುಂಬಿಸುವುದರಲ್ಲೂ ಅಪಾಯ ಇದೆ, ಅದನ್ನೂ ಕೇಳಿಕೊಳ್ಳಲಿ.

ಕೊಥ್ರೂಡ್ ಸಿಸ್ಟರ್:
ಈಗಾಗಲೇ ಹಾಕಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ. ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ. ನಾಚಿಕೆಯಿಂದ ಹೇಳದೆ ಇದ್ದವರನ್ನು ನೋಡಿದ್ದೇನೆ, ಡಾಕ್ಟರಿಗೆ ಕಾರಣ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಡೊಂಬಿವಲಿ ಅಕ್ಕ:
ಬಾಟಲಿಯ ಲೇಬಲ್ ಫೋಟೋ ಕಳಿಸಿ ಅಂತ ತಂಗಿಯೇ ಪಾರ್ಲರ್‌ನವರಿಗೆ ಮೆಸೇಜ್ ಮಾಡಿದಳು. ಎರಡು ದಿನ ಆಯಿತು, ಕಳಿಸಿಲ್ಲ. ಅಡ್ವಾನ್ಸ್ ಬಿಟ್ಟುಬಿಡುತ್ತೇನೆ ಅಂದಿದ್ದಾಳೆ. ಮಡಗಾಂವ್ ಅಕ್ಕನ ಹತ್ತಿರ ಒಮ್ಮೆ ಮಾತಾಡಬೇಕಂತೆ, ನಿಮಗೆ ಆಗುತ್ತದಾ?