ಅಪ್‌ಡೇಟ್: ಅರ್ಧಕ್ಕೆ ನಿಂತ ವೈಪರ್, ಸತ್ತ ಬ್ಯಾಟರಿ, ಕಾರಣ ಸಿಕ್ಕಿತು

ಮಳೆಯಲ್ಲಿ ಹೆಡ್‌ಲೈಟ್ ಹಾಕಿದಾಗ ಕಾರಿನ ವೈಪರ್ ನಿಧಾನವಾಗಿ, ಕೊನೆಗೆ ಗಾಜಿನ ಮಧ್ಯದಲ್ಲೇ ನಿಂತುಬಿಡ್ತು, ಮರುದಿನ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ವೈಪರ್ ಮೋಟಾರ್ ಹೋಗಿದೆ ಅಂತ ತುಂಬಾ ಜನ ಹೇಳಿದಿರಿ. ಇಲ್ಲ, ಮೋಟಾರ್ ಚೆನ್ನಾಗಿಯೇ ಇದೆ.

ಮೊದಲು ಜಂಪ್ ಸ್ಟಾರ್ಟ್ ಮಾಡಿದೆವು, ಅಂದರೆ ಇನ್ನೊಂದು ಬ್ಯಾಟರಿಯಿಂದ ಕೇಬಲ್ ಎಳೆದು ಎಂಜಿನ್ ಶುರು ಮಾಡೋದು. ಅದಕ್ಕೂ ಮುಂಚೆ ವೈಪರ್ ಸ್ವಿಚ್ ಆಫ್ ಮಾಡಿದ್ದು ಒಳ್ಳೆಯದಾಯಿತು. ಕಪ್ಪು ಕೇಬಲ್‌ನ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ, ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಾಕಿದೆವು. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಹತ್ತಿರದಲ್ಲಿ ಕಿಡಿ ಹಾರಿದರೆ ಅಪಾಯ. ಎಂಜಿನ್ ಶುರುವಾದ ತಕ್ಷಣ ವೈಪರ್ ತಾನೇ ಕೆಳಗೆ ಹೋಗಿ ಮಲಗಿತು. ಕೈಯಲ್ಲಿ ಎಳೆಯೋಕೆ ಹೋಗಬೇಡಿ, ಒಳಗಿನ ಗೇರ್ ಹಾಳಾಗಬಹುದು.

ಅಸಲಿ ವಿಷಯ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14 ವೋಲ್ಟ್ ಹತ್ತಿರ ಇರಬೇಕು, ಇಲ್ಲಿ 12.1 ಮಾತ್ರ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಎಂಜಿನ್ನಿನಿಂದ ತಿರುಗಿಸುವ ಬೆಲ್ಟ್ ಸವೆದು ಸಡಿಲವಾಗಿತ್ತು, ಒಳಮೈ ಗಾಜಿನ ಹಾಗೆ ಹೊಳೀತಿತ್ತು. ಲೈಟು, ಬ್ಲೋವರ್, ವೈಪರ್ ಎಲ್ಲಾ ಒಟ್ಟಿಗೆ ಹಾಕಿದರೆ ಬೆಲ್ಟ್ ಜಾರುತ್ತೆ, ಚಾರ್ಜ್ ಆಗಲ್ಲ, ಇದ್ದಬದ್ದ ಕರೆಂಟನ್ನೆಲ್ಲ ಬ್ಯಾಟರಿಯೇ ಕೊಡಬೇಕು. ಮಳೆಯಲ್ಲಿ ಬರ್ತಿದ್ದ ಕೀಚ್ ಸದ್ದು ಇದೇ ಅಲ್ವಾ!

ಹೊಸ ಬೆಲ್ಟ್ ಹಾಕಿದ ಮೇಲೆ 14.2 ತೋರಿಸ್ತಿದೆ. ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿದೆ, ಈಗ ಸುಮ್ನೆ ನಿಂತಾಗ 12.6 ಇದೆ. ಸದ್ಯಕ್ಕೆ ಹೊಸ ಬ್ಯಾಟರಿ ತಗೊಳ್ಳಲ್ಲ. ಬೆಲ್ಟ್ ನೋಡಿ ಅಂದವರಿಗೆ ಥ್ಯಾಂಕ್ಸ್.