‘ಗೌಪ್ಯತೆಯನ್ನು ಕಾಪಾಡಲಾಗುವುದು’: ಇದಕ್ಕಿಂತ ತಿಳಿಯಾದ ಮಾತು ಬೇಕು

ಮನೋಚಿಕಿತ್ಸೆಗೆ ಬರುವವರು ಮೊದಲ ಭೇಟಿಯಲ್ಲಿ ಓದಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಸಾಲು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ಸಾಮಾನ್ಯವಾಗಿ ಅದನ್ನು ಹೀಗೆ ಬರೆಯುತ್ತಾರೆ: ‘ನಿಮ್ಮ ಮಾಹಿತಿಯ ಗೌಪ್ಯತೆಯನ್ನು ಕಾಪಾಡಲಾಗುವುದು.’ ಪದ ಬಲ್ಲವರ ಸಹಾಯ ಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಪ್ಪಿಗೆ ಎಂದರೇನು ಎಂದು ವಿವರಿಸುವಾಗಲೇ ಭಾಷೆಯ ವಿಷಯ ತರುತ್ತದೆ. ಚಿಕಿತ್ಸೆಯಿಂದ ಆಗುವ ಲಾಭ, ಇರುವ ಅಪಾಯ, ಬೇರೆ ದಾರಿಗಳು, ಇವನ್ನೆಲ್ಲ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಿರಬೇಕು. ಒತ್ತಾಯ, ಬೆದರಿಕೆ, ಮೋಸ ಇರಬಾರದು. ಹಾಗೆ ಸಿಕ್ಕಿದ್ದಷ್ಟೇ ಒಪ್ಪಿಗೆ. ಕಾಗದದ ಮೇಲೆ ಕನ್ನಡ ಇದ್ದು, ಓದಿದವರಿಗೆ ಅದು ತಪ್ಪಾಗಿ ಅರ್ಥವಾದರೆ ಆ ಸಹಿಗೆ ಬೆಲೆ ಎಷ್ಟು? ಪದದ ಆಯ್ಕೆಯೂ ಚಿಕಿತ್ಸಕರ ಜವಾಬ್ದಾರಿಯ ಒಳಗೇ ಬರುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ‘ಗೌಪ್ಯತೆ’. ಓದುವವರು ಇದನ್ನು ‘ಯಾರಿಗೂ, ಯಾವತ್ತೂ ಹೇಳಲ್ಲ’ ಎಂದು ತೆಗೆದುಕೊಳ್ಳುತ್ತಾರೆ. ಕಾನೂನು ಅಷ್ಟು ದೊಡ್ಡ ಮಾತು ಕೊಡುವುದಿಲ್ಲ. ಅದೇ ಕಾಯ್ದೆಯ 23ನೇ ಕಲಮು ಚಿಕಿತ್ಸೆ ಕೊಡುವವರೆಲ್ಲ ವಿಷಯವನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು ಎನ್ನುತ್ತದೆ. ಜೊತೆಗೆ ಹೇಳಬಹುದಾದ ಸಂದರ್ಭಗಳನ್ನೂ ಕೊಡುತ್ತದೆ: ಚಿಕಿತ್ಸೆಗೆ ಅಗತ್ಯವಿದ್ದಾಗ ಬೇರೆ ತಜ್ಞರಿಗೆ, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಪ್ಪಿಸಲು, ಜೀವಕ್ಕೆ ಅಪಾಯ ಇದ್ದಾಗ, ನ್ಯಾಯಾಲಯ ಆದೇಶ ಮಾಡಿದಾಗ, ಹೀಗೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇನ್ನೂ ಗಟ್ಟಿ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಶಿಕ್ಷೆ ಇದೆ. ‘ಪ್ರಾಮಿಸ್, ಯಾರಿಗೂ ಹೇಳಲ್ಲ’ ಎಂದು ಮಗುವಿಗೆ ಮಾತು ಕೊಟ್ಟು, ಆಮೇಲೆ ಹೇಳಬೇಕಾಗಿ ಬಂದರೆ ಆ ಮಗು ಮತ್ತೆ ಯಾರನ್ನು ನಂಬಬೇಕು?

‘ಗೌಪ್ಯತೆ’ಯ ಬದಲು ‘ಗುಟ್ಟು’ ಎಂದರೆ ಏನೋ ಮುಚ್ಚಿಡುವಂಥದ್ದು ಎಂಬ ಛಾಯೆ ಬರುತ್ತದೆ. ಬಂದವರು ತಪ್ಪೇನೂ ಮಾಡಿಲ್ಲವಲ್ಲ. ‘ನಮ್ಮಿಬ್ಬರಲ್ಲೇ ಇರಲಿ’ ಎನ್ನುವುದು ಎಷ್ಟು ಸಹಜವಾದ ಕನ್ನಡ! ಆದರೆ ಅದೂ ಪೂರ್ತಿ ನಿಜವಲ್ಲ. ಚಿಕಿತ್ಸಕರು ಟಿಪ್ಪಣಿ ಬರೆದಿಡುತ್ತಾರೆ. ಹಿರಿಯ ಸಹೋದ್ಯೋಗಿಯ ಜೊತೆ ಚರ್ಚಿಸುವುದೂ ಉಂಟು.

ಆಮೇಲೆ ‘ಬಹಿರಂಗಪಡಿಸು’. ‘ಕೆಲವು ಸಂದರ್ಭಗಳಲ್ಲಿ ಮಾಹಿತಿಯನ್ನು ಬಹಿರಂಗಪಡಿಸಬೇಕಾಗಬಹುದು’ ಎಂದು ಬರೆದಿದ್ದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಕನ್ನಡದಲ್ಲಿ ಬಹಿರಂಗ ಎಂದರೆ ಎಲ್ಲರ ಮುಂದೆ, ಅಲ್ವಾ? ಕಾನೂನು ಬಿಡುವುದು ಅದನ್ನಲ್ಲ. ಹಾನಿ ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೇಳಬಹುದು. ಅದಕ್ಕಿಂತ ಜಾಸ್ತಿ ಒಂದು ಮಾತೂ ಸಲ್ಲದು. ‘ಬೇಕಾದವರಿಗೆ ಬೇಕಾದಷ್ಟೇ ತಿಳಿಸುತ್ತೇನೆ’ ಎಂದರೆ ಮುಗಿಯಿತು. ಸಾವಿನ ಯೋಚನೆ ಬಂದವರು ಬಾಯಿ ಬಿಡಬೇಕೋ ಬೇಡವೋ ಎಂದು ತೂಗುವಾಗ ಈ ಒಂದು ಪದದ ಭಯವೇ ಅವರನ್ನು ಸುಮ್ಮನಾಗಿಸಬಹುದು.

ಪದಕ್ಕೆ ಇಂಥದೇ ತೂಕ ಅಮೆರಿಕದ ಒಂದು ಪ್ರಸಿದ್ಧ ಮೊಕದ್ದಮೆಯಲ್ಲೂ ಇದೆ. 1969ರಲ್ಲಿ ಟಟಿಯಾನಾ ಟರಾಸಾಫ್ ಎಂಬ ಯುವತಿಯ ಕೊಲೆಯಾಯಿತು. ಕೊಂದವನು ಅದಕ್ಕೆ ಮೊದಲೇ ತನ್ನ ಚಿಕಿತ್ಸಕರ ಹತ್ತಿರ ಆ ಉದ್ದೇಶವನ್ನು ಹೇಳಿಕೊಂಡಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ್ದರು. ಆ ಯುವತಿಗೆ ಮಾತ್ರ ಯಾರೂ ಹೇಳಲಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಎಚ್ಚರಿಸುವ ಕರ್ತವ್ಯ ಇತ್ತು ಎಂದಿತು. 1976ರಲ್ಲಿ ಮೊಕದ್ದಮೆಯನ್ನು ಮತ್ತೆ ಕೇಳಿದಾಗ ಆ ಕರ್ತವ್ಯವನ್ನು, ಅಪಾಯದಲ್ಲಿರುವವರನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳುವ ಕರ್ತವ್ಯವಾಗಿ ಹಿಗ್ಗಿಸಿತು. ಎಚ್ಚರಿಸಲು ಒಂದು ಫೋನ್ ಕರೆ ಸಾಕು. ಕಾಪಾಡುವುದಕ್ಕೆ ಪೊಲೀಸರಿಗೆ ತಿಳಿಸುವುದು, ಆಸ್ಪತ್ರೆಗೆ ಸೇರಿಸುವುದು, ಏನು ಬೇಕಾದರೂ ಸೇರಬಹುದು. ಇದು ನಮ್ಮ ಕಾನೂನಲ್ಲ. ಆದರೂ ಕನ್ನಡದ ಬರಹಗಳಲ್ಲಿ ಈ ಎರಡನ್ನೂ ‘ಎಚ್ಚರಿಕೆ ನೀಡುವುದು’ ಎಂದು ಒಂದೇ ಮಾಡಬಾರದು ಎಂದು ನನ್ನ ಮನವಿ.

‘ಹೊಣೆ’ ನನಗೆ ಇಷ್ಟದ ಪದ. ಆದರೆ ಇಲ್ಲಿ ಹುಷಾರಾಗಿ ಬಳಸಬೇಕು. ಹೊಣೆ ಎಂದರೆ ಜಾಮೀನು ಎಂಬ ಅರ್ಥವೂ ಇದೆ. ‘ನಾನು ಹೊಣೆ’ ಎಂದರೆ ಗುಣವಾಗಿಯೇ ಆಗುತ್ತದೆ ಎಂದು ಭರವಸೆ ಕೊಟ್ಟ ಹಾಗೆ. ಕಾನೂನು ಚಿಕಿತ್ಸಕರಿಂದ ಕೇಳುವುದು ತಕ್ಕ ಎಚ್ಚರ, ತಕ್ಕ ಕೌಶಲ. ಫಲಿತಾಂಶದ ಖಾತರಿಯನ್ನಲ್ಲ. ಹಾಗೆಂದು ‘ಚೇತರಿಕೆಗೆ ನಾವು ಹೊಣೆಯಲ್ಲ’ ಎಂದು ಅಚ್ಚು ಹಾಕಿದರೆ ಕೈತೊಳೆದುಕೊಂಡಂತೆ ಕೇಳಿಸುತ್ತದೆ. ಜವಾಬು ಕೊಡಬೇಕಾದವರು ಎಂಬ ಅರ್ಥದ ‘ಜವಾಬ್ದಾರಿ’ ಇಲ್ಲಿ ಹೆಚ್ಚು ಹೊಂದುತ್ತದೆ.

ಕೌನ್ಸೆಲರ್‌ಗೆ ‘ಆಪ್ತ ಸಮಾಲೋಚಕ’ ಎಂಬ ಪದ ರೂಢಿಯಲ್ಲಿ ಗಟ್ಟಿಯಾಗಿ ನಿಂತಿದೆ, ಬದಲಾಯಿಸುವ ಆಸೆ ನನಗಿಲ್ಲ. ಆದರೆ ‘ಆಪ್ತ’ ಎಂದರೆ ಗೆಳೆತನದಂತೆ ಕೇಳಿಸುತ್ತದೆ. ಸ್ನೇಹ, ಪ್ರೇಮ, ವ್ಯವಹಾರ ಯಾವುದೂ ಸಮಾಲೋಚಕರು ಮತ್ತು ಬಂದವರ ನಡುವೆ ಬೆಳೆಯಬಾರದು ಎನ್ನುವುದು ಈ ವೃತ್ತಿಯ ಮುಖ್ಯ ನಿಯಮ. ಆಪ್ತ ಎಂದರೆ ಇಲ್ಲಿ ನಂಬಬಹುದಾದವರು, ಗೆಳೆಯರಲ್ಲ ಎಂದು ಪತ್ರದಲ್ಲೇ ಒಂದು ಸಾಲು ಸೇರಿಸಿದ್ದೇನೆ.

ಇನ್ನು ಒಪ್ಪಿಗೆಯ ಹೆಸರು. ಇಂಗ್ಲಿಷಿನ ‘ಇನ್ಫಾರ್ಮ್ಡ್ ಕನ್ಸೆಂಟ್’ಗೆ ‘ಮಾಹಿತಿಪೂರ್ಣ ಸಮ್ಮತಿ’ ಎಂದರೆ ಬಾಯಿಗೆ ಬರುವುದಿಲ್ಲ. ‘ತಿಳಿದು ಕೊಟ್ಟ ಒಪ್ಪಿಗೆ’ ಚೆನ್ನಾಗಿದೆ, ಆದರೆ ತಿಳಿದುಕೊಳ್ಳುವ ಭಾರ ಬಂದವರ ಮೇಲೆ ಬೀಳುತ್ತದೆ. ‘ತಿಳಿಸಿ ಪಡೆದ ಒಪ್ಪಿಗೆ’ ಎಂದರೆ ಭಾರ ಇರಬೇಕಾದ ಕಡೆ, ಚಿಕಿತ್ಸಕರ ಮೇಲೆ, ಇರುತ್ತದೆ. ‘ಕಾಪಾಡಲಾಗುವುದು’ ಎಂಬ ಕರ್ತೃವಿಲ್ಲದ ಕ್ರಿಯಾಪದವನ್ನೂ ಇದೇ ಕಾರಣಕ್ಕೆ ತೆಗೆದಿದ್ದೇನೆ. ಕಾಪಾಡುವವರು ಯಾರು ಎಂದು ಅದು ಹೇಳುವುದೇ ಇಲ್ಲ.

ಸದ್ಯದ ಕರಡು ಹೀಗಿದೆ: ‘ನೀವು ಹೇಳಿದ್ದನ್ನು ನಾನು ಹೊರಗೆ ಹೇಳುವುದಿಲ್ಲ. ನಿಮ್ಮ ಜೀವಕ್ಕೋ ಬೇರೆಯವರಿಗೋ ಅಪಾಯ ಕಂಡರೆ, ಅಥವಾ ಕಾನೂನು ಹೇಳಲೇಬೇಕು ಎಂದರೆ, ಬೇಕಾದವರಿಗೆ ಬೇಕಾದಷ್ಟೇ ತಿಳಿಸುತ್ತೇನೆ. ಆದಷ್ಟೂ ನಿಮಗೆ ಮೊದಲು ಹೇಳಿ ಆಮೇಲೆ ತಿಳಿಸುತ್ತೇನೆ.’ ‘ಹೊರಗೆ’ ಎಂಬ ಪದಕ್ಕೆ ಜೊತೆಯಲ್ಲಿ ಕೆಲಸ ಮಾಡುವ ತಜ್ಞರು ಸೇರುತ್ತಾರೋ ಇಲ್ಲವೋ ಎಂಬ ಅನುಮಾನ ಉಳಿದಿದೆ. ಅದನ್ನು ಬಿಡಿಸಿ ಹೇಳುವ ಚಿಕ್ಕ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ.