ಪದ ಬೇಕು (ತುರ್ತು): ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್

ನಮಸ್ಕಾರ. ನ್ಯೂಜೆರ್ಸಿಯಲ್ಲಿ ಮಕ್ಕಳ ಮನೆಯಲ್ಲಿರುವ ಕನ್ನಡದ ಹಿರಿಯರಿಗಾಗಿ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಲಕ್ವ ಹೊಡೆದವರ ಮನೆಗೆ ಬರುವ ಈ ಅಸಿಸ್ಟೆಂಟ್‌ಗೆ ಏನನ್ನಬೇಕು? ‘ಔದ್ಯೋಗಿಕ ಚಿಕಿತ್ಸಾ ಸಹಾಯಕಿ’ ಎಂದು ಬರೆದು ಅತ್ತೆಗೆ ತೋರಿಸಿದೆ. ‘ಈ ವಯಸ್ಸಿನಲ್ಲಿ ನನಗೆ ಯಾವ ಉದ್ಯೋಗ ಕೊಡಿಸುತ್ತಾಳೆ?’ ಎಂದರು.

ಮರು 1:
ಉದ್ಯೋಗಪರ್ವವನ್ನು ನೆನಪಿಸಿಕೊಳ್ಳಿ. ಅಲ್ಲಿನ ಉದ್ಯೋಗ ನೌಕರಿಯಲ್ಲ, ಪ್ರಯತ್ನ, ಸನ್ನಾಹ. ಪದ ಸರಿಯಿದೆ, ಓದುಗರು ತಿಳಿದುಕೊಳ್ಳಲಿ.

ಮರು 2:
ಕರಪತ್ರ ಓದಲು ಮಹಾಭಾರತ ಬೇಕೆ? ಹೊಲದ ಕೆಲಸಕ್ಕೆ ‘ಗೇಮೆ’ ಎನ್ನುತ್ತೇವೆ. ‘ಗೇಮೆಯಾರೈಕೆಯ ನೆರವಿಗಿತ್ತಿ’ ಎನ್ನಿ. ‘ಕಸುಬು’ ಎಂದು ಯಾರೂ ಸೂಚಿಸಬೇಡಿ, ಅದು ಅರಬ್ಬಿಯದು. ಎರವಲು ತರುತ್ತಲೇ ಹೋದರೆ ನಮ್ಮ ಧಾತುಗಳು ತುಕ್ಕು ಹಿಡಿಯುತ್ತವೆ.

ಮರು 3:
ನಾನು ಇದೇ ಕೆಲಸದಲ್ಲಿರುವವಳು. ನೀವಿಬ್ಬರೂ ಮೊದಲ ಪದಕ್ಕೆ ಜಗಳವಾಡುತ್ತಿದ್ದೀರಿ. ತೊಡಕಿರುವುದು ಕೊನೆಯ ಪದದಲ್ಲಿ. ‘ಸಹಾಯಕಿ’ ಎಂದು ಕೇಳಿ ನನಗೆ ತೊಳೆಯದ ಪಾತ್ರೆ ತೋರಿಸಿದ ಮನೆಗಳಿವೆ.

ಇಲ್ಲಿ ಆಕ್ಯುಪೇಷನ್ ಎಂದರೆ ಮನುಷ್ಯನ ದಿನವನ್ನು ತುಂಬುವ ಎಲ್ಲವೂ: ಮೀಯುವುದು, ಉಡುವುದು, ಉಣ್ಣುವುದು, ಹೂ ಕಟ್ಟುವುದು. ಕಳೆದ ವಾರ ಒಬ್ಬ ಅಜ್ಜಿಗೆ ರವಿಕೆ ತೊಡುವುದನ್ನು ಕಲಿಸಿದೆ. ಸ್ವಾಧೀನ ತಪ್ಪಿದ ಎಡಗೈ ಮೊದಲು ತೋಳಿನೊಳಗೆ ಹೋಗಬೇಕು. ಅದನ್ನು ಭುಜದವರೆಗೆ ಏರಿಸಿಕೊಂಡ ಮೇಲೆ ಬಲಗೈ. ಬಿಚ್ಚುವಾಗ ಬಲಗೈ ಮೊದಲು. ಕೊಕ್ಕೆಗಳ ಬದಲು ವೆಲ್ಕ್ರೋ ಹೊಲಿಸಿದೆವು. ಅದಕ್ಕೇ ‘ದಿನಚರಿ ಚಿಕಿತ್ಸೆ’ ಎನ್ನುತ್ತೇನೆ.

ಅಮೆರಿಕದಲ್ಲಿ ಇದಕ್ಕೆ ಸಾಮಾನ್ಯವಾಗಿ 2 ವರ್ಷದ ಅಸೋಸಿಯೇಟ್ ಪದವಿ ಬೇಕು. ಅದರಲ್ಲಿ ಕಡಿಮೆಯೆಂದರೆ 16 ವಾರ ಪೂರ್ಣಾವಧಿ ಕ್ಷೇತ್ರಾನುಭವ. ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ರಾಜ್ಯದ ಪರವಾನಗಿ. ರೋಗಿಯನ್ನು ಪರಿಶೀಲಿಸಿ ಯೋಜನೆ ಹಾಕುವವರು ಥೆರಪಿಸ್ಟ್. ಅವರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನಡೆಸುವವರು ನಾವು. ಉಪಕರಣ ಜೋಡಿಸಿಡುವ ‘ಏಡ್’ ಬೇರೆಯೇ, ಅವರು ಚಿಕಿತ್ಸೆ ಕೊಡುವಂತಿಲ್ಲ. ‘ಸಹಾಯಕ ಪ್ರಾಧ್ಯಾಪಕ’ರನ್ನು ಯಾರೂ ಪ್ರಾಧ್ಯಾಪಕರ ಸಹಾಯಕ ಎಂದುಕೊಳ್ಳುವುದಿಲ್ಲವಲ್ಲ? ಹಾಗೆಯೇ ‘ಸಹಾಯಕ’ವನ್ನು ಮುಂದಕ್ಕೆ ತನ್ನಿ: ‘ಸಹಾಯಕ ದಿನಚರಿ ಚಿಕಿತ್ಸಕಿ’.

ಮರು 4 (ಮೊದಲು ಉತ್ತರಿಸಿದವನೇ):
‘ದಿನಚರಿ’ ಎಂದರೆ ಡೈರಿ. ಒಪ್ಪಲಾರೆ. ಪರವಾನಗಿಯಲ್ಲಿ ಥೆರಪಿಸ್ಟ್ ಎಂದಿಲ್ಲದವರನ್ನು ‘ಚಿಕಿತ್ಸಕಿ’ ಎನ್ನುವುದಂತೂ ಸುಳ್ಳು.

ಮರು 5:
ಡೈರಿ ಎಂಬ ಅರ್ಥ ಆಮೇಲೆ ಬಂದದ್ದು. ದಿನದ ಚರ್ಯೆ ಎಂಬುದು ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಅಪ್ಪಟ ಕನ್ನಡವಲ್ಲ ಎಂಬುದೇ ನನ್ನ ಕೊರಗು.

ಮರು 6 (ಪ್ರಶ್ನೆ ಕೇಳಿದವಳು):
ಎಲ್ಲರಿಗೂ ವಂದನೆಗಳು. ಪರವಾನಗಿಯ ಆಕ್ಷೇಪ ನ್ಯಾಯವಾದದ್ದು. ‘ದಿನಚರಿ ಚಿಕಿತ್ಸೆಯ ಪರವಾನಗಿ ಪಡೆದ ಸಹಾಯಕಿ’ ಎಂದು ಅಚ್ಚಿಗೆ ಕೊಡುತ್ತಿದ್ದೇನೆ. ಕೆಳಗೆ ಅವರ ಓದು, ಕೆಲಸ ಎರಡು ಸಾಲಿನಲ್ಲಿ, ಜೊತೆಗೆ ರವಿಕೆಯ ಉದಾಹರಣೆ. ಅತ್ತೆಗೆ ಓದಿ ಹೇಳಿದೆ. ‘ಒಂದೇ ಕೈಯಲ್ಲಿ ನೆರಿಗೆ ಹಿಡಿಯುವುದನ್ನೂ ಹೇಳಿಕೊಡುತ್ತಾಳೆಯೇ?’ ಎಂದು ಕೇಳಿದರು.